ಹದಿನೇಳನೆಯ ಅಂಶ

ರಸೆಲ್ ಡೆಮರೆಸ್ಟ್ ಎಲ್ಲವನ್ನೂ ಅಂಕಿ ಹಾಕಿ ಬರೆಯುವ ಮನುಷ್ಯ. ಅಂಗಡಿಯಿಂದ ತರಬೇಕಾದ ಹಾಲು, ಬ್ರೆಡ್ಡು, ಬಲ್ಬುಗಳಿಗೂ ಒಂದು, ಎರಡು, ಮೂರು. ನ್ಯೂ ಜೆರ್ಸಿಯ ವೆಸ್ಟರ್‌ವೆಲ್ಟ್ ಎಂಬ ಸಣ್ಣ ಊರಿನ ಝೋನಿಂಗ್ ಬೋರ್ಡಿಗೆ ಅವನು ಮೂವತ್ತೊಂದು ವರ್ಷ ಎಂಜಿನಿಯರಾಗಿದ್ದ. ಊರಿನಲ್ಲಿ ಯಾರೇ ನಿಯಮ ಮೀರಿದ ಕಟ್ಟಡಕ್ಕೆ ಅನುಮತಿ ಕೇಳಲಿ, ಮೊದಲು ಆ ನಕ್ಷೆ ಅವನ ಮೇಜಿಗೆ ಬರಬೇಕು. ಮಳೆನೀರು ಎಲ್ಲಿ ಹರಿಯುತ್ತದೆ, ಚರಂಡಿಯ ಇಳಿಜಾರು ಸಾಕೇ, ಲಾರಿ ತಿರುಗಲು ಜಾಗವಿದೆಯೇ ಎಂದು ನೋಡಿ ಅವನು ಬೋರ್ಡಿಗೆ ಒಂದು ಪರಿಶೀಲನಾ ಪತ್ರ ಬರೆಯುತ್ತಿದ್ದ. ಅಂಶ ಒಂದು, ಅಂಶ ಎರಡು, ಹೀಗೆ ಕೆಲವೊಮ್ಮೆ ನಲವತ್ತರವರೆಗೆ.

"ರಸ್ ಹೆಂಡತೀನ ಮದುವೆಗೆ ಕೇಳಿದ್ದೂ ಏಳು ಅಂಶದ ಪತ್ರದಲ್ಲೇ ಇರಬೇಕು," ಎಂದು ಬೋರ್ಡಿನ ಕಾರ್ಯದರ್ಶಿ ಮರ್ಲಾ ಬಂದವರಿಗೆಲ್ಲ ಹೇಳುತ್ತಿದ್ದಳು.

"ಆರೇ ಅಂಶ," ಎನ್ನುತ್ತಿದ್ದಳು ಅವನ ಹೆಂಡತಿ ಲೋಯಿಸ್. "ಏಳನೇದು ನಾನು ಸೇರಿಸಿದ್ದು. ಪಾತ್ರೆ ಅವನೇ ತೊಳೀಬೇಕು ಅಂತ."

ಬೋರ್ಡಿನ ಏಳು ಮಂದಿ ಸದಸ್ಯರು ಊರಿನವರೇ. ಒಬ್ಬ ಹಲ್ಲಿನ ವೈದ್ಯ, ಒಬ್ಬಳು ನಿವೃತ್ತ ಟೀಚರು, ಒಬ್ಬ ಬಣ್ಣದಂಗಡಿಯವನು. ನಕ್ಷೆಯ ಗೆರೆಗಳು ಅವರಿಗೆ ಅಷ್ಟಾಗಿ ಅರ್ಥವಾಗುತ್ತಿರಲಿಲ್ಲ. ಅವರು ಓದುತ್ತಿದ್ದುದು ರಸೆಲ್‌ನ ಪತ್ರವನ್ನು. ಕೊನೆಗೆ ಮತ ಹಾಕುವಾಗ ಅಧ್ಯಕ್ಷನ ಬಾಯಿಂದ ಬರುತ್ತಿದ್ದುದು ಒಂದೇ ಮಾತು: "ನಮ್ಮ ಎಂಜಿನಿಯರ್ ಪತ್ರದ ಷರತ್ತುಗಳಿಗೆ ಒಳಪಟ್ಟು, ಒಪ್ಪಿಗೆ." ಆಮೇಲೆ ಆ ಷರತ್ತುಗಳು ಒಂದೊಂದಾಗಿ ಈಡೇರಿದವೇ ಎಂದು ನೋಡುವವನು ರಸೆಲ್ ಒಬ್ಬನೇ. ಸಭಾಂಗಣದ ದೀಪ ಆರಿದ ಮೇಲೆ ಊರು ಆ ಪತ್ರವನ್ನು ಮರೆಯುತ್ತಿತ್ತು. ಅವನು ಮರೆಯುತ್ತಿರಲಿಲ್ಲ.

ಒಂದೇ ಒಂದು ಸಲ ಮರೆತ.

*

ಊರಿನ ಉತ್ತರಕ್ಕೆ, ಇಳಿಜಾರಿನ ಮೇಲೆ, ಹಳೆಯ ಹೂಗಿಡಗಳ ನರ್ಸರಿಯೊಂದು ಮುಚ್ಚಿ ಬಿದ್ದಿತ್ತು. ಅಲ್ಲಿ ಒಂದಕ್ಕೊಂದು ಅಂಟಿಕೊಂಡ ಇಪ್ಪತ್ತೆರಡು ಮನೆ ಕಟ್ಟುತ್ತೇವೆ ಎಂದು ಅರ್ಜಿ ಬಂತು. ಚಾವಣಿಗಳ ಮೇಲೆ ಬಿದ್ದ ಮಳೆನೀರನ್ನೆಲ್ಲ ಜಾಗದ ಕೆಳಮೂಲೆಯಲ್ಲಿ, ನೆಲದಡಿಯ ದೊಡ್ಡ ಇಂಗುಗುಂಡಿಗೆ ಬಿಡುವ ಯೋಜನೆ. ಕೆಳಗೆ ಒಣಮಣ್ಣಿದ್ದರೆ ನೀರು ಇಂಗಿಹೋಗುತ್ತದೆ. ಅಂತರ್ಜಲ ಮೇಲೆಯೇ ಇದ್ದರೆ ಇಂಗಲು ಜಾಗ ಸಿಗದೆ ಪಕ್ಕಕ್ಕೆ ಸರಿದು, ಕೆಳಗಿನ ಮನೆಗಳ ಅಡಿಪಾಯ ಹುಡುಕಿಕೊಂಡು ಹೋಗುತ್ತದೆ. ಅರ್ಜಿದಾರರ ಎಂಜಿನಿಯರ್ ಗ್ಲೆನ್ ಟ್ರಾಕ್ಸ್ಲರ್ ಸೆಪ್ಟೆಂಬರಿನಲ್ಲಿ ಪರೀಕ್ಷಾ ಗುಂಡಿ ತೋಡಿಸಿದ್ದ. ಒಂಬತ್ತು ಅಡಿಯವರೆಗೂ ಒಣ. ರಸೆಲ್ ಅವನನ್ನು ಇಪ್ಪತ್ತು ವರ್ಷದಿಂದ ಬಲ್ಲ. ಸುಳ್ಳು ಬರೆಯುವವನಲ್ಲ.

ನವೆಂಬರಿನ ವಿಚಾರಣೆಯ ಸಂಜೆ ಸಾರ್ವಜನಿಕರ ಮೈಕಿನ ಮುಂದೆ ಅಸುಂತಾ ಪೆಟ್ರೆಲ್ಲಾ ಬಂದು ನಿಂತಳು. ಅರವತ್ತರ ಹೆಂಗಸು, ಗಿಡ್ಡ ದೇಹ, ಹೊಲಿದು ಹೊಲಿದು ಗಟ್ಟಿಯಾದ ಕೋಟು. ನರ್ಸರಿಯ ಕೆಳಬದಿಯ ಬೇಲಿಗೆ ಅಂಟಿಕೊಂಡದ್ದು ಅವಳ ಮನೆ. ಗಂಡ ನುಂಜಿಯೋ, ಬಸ್ ಓಡಿಸಿ ನಿವೃತ್ತನಾದವನು, ಎರಡನೆಯ ಸಾಲಿನಲ್ಲಿ ಟೋಪಿ ತಿರುಗಿಸುತ್ತ ಕೂತಿದ್ದ.

"ಆ ಕೆಳಮೂಲೇಲಿ ನರ್ಸರಿಯವ್ರು ಯಾವತ್ತೂ ಏನೂ ನೆಟ್ಟಿಲ್ಲ," ಎಂದಳು. "ನಾನು ಚಿಕ್ಕೋಳಿದ್ದಾಗ ಅಲ್ಲಿ ಕಪ್ಪೆ ಹಿಡೀತಿದ್ದೆ. ನಮ್ಮಪ್ಪನ ಅಂಜೂರದ ಗಿಡ ಇದೆ ಹಿತ್ತಲಲ್ಲಿ. ಪ್ರತಿ ಚಳಿಗಾಲಕ್ಕೆ ಸೊಂಟದಾಳದ ಹಳ್ಳ ತೋಡಿ ಗಿಡ ಬಗ್ಗಿಸಿ ಮಲಗಿಸ್ತೀವಿ, ಮಣ್ಣು ಮುಚ್ತೀವಿ. ಈಸ್ಟರ್‌ಗೆ ಎತ್ತೋವಾಗ ಹಳ್ಳದ ತಳ ಬೆವತಿರುತ್ತೆ. ಮೇಲಿಂದ ಇನ್ನಷ್ಟು ನೀರು ಬಿಟ್ರೆ ಅದು ನನ್ನ ನೆಲಮಾಳಿಗೆಗೆ ಬರುತ್ತೆ. ನನ್ನ ಅಡುಗೆಮನೆ ಇರೋದು ಅಲ್ಲಿ."

ಅರ್ಜಿದಾರರ ವಕೀಲ ಎದ್ದು ನಿಂತು ಬಹಳ ಮರ್ಯಾದೆಯಿಂದ ಕೇಳಿದ: "ಮೇಡಂ, ತಾವು ಎಂಜಿನಿಯರಾ?"

"ಅಲ್ಲ. ಆದ್ರೆ ಕಪ್ಪೆ ಅಂದ್ರೆ ಏನು ಅಂತ ಗೊತ್ತು."

ಸಭೆ ನಕ್ಕಿತು. ಅಧ್ಯಕ್ಷನೂ ನಕ್ಕ. ರಸೆಲ್ ನಗಲಿಲ್ಲ. ಸೆಪ್ಟೆಂಬರಿನಲ್ಲಿ, ಅದೂ ಒಣಗಿದ ಬೇಸಿಗೆಯ ಕೊನೆಯಲ್ಲಿ ತೋಡಿದ ಗುಂಡಿ ಏನನ್ನೂ ಹೇಳುವುದಿಲ್ಲ ಎಂದು ಅವನಿಗೆ ಅದೇ ಹೊತ್ತಿಗೆ ಹೊಳೆಯಿತು. ಹದಿನಾರು ಅಂಶಗಳ ತನ್ನ ಪತ್ರದ ಕೊನೆಗೆ ಪೆನ್ನಿನಿಂದ ಇನ್ನೊಂದು ಬರೆದ. ಅಂಶ ಹದಿನೇಳು: ಕೆಳಮೂಲೆಯಲ್ಲಿಯೇ, ನೆಲ ತೊಯ್ದಿರುವ ತಿಂಗಳುಗಳಲ್ಲಿ, ಬೋರ್ಡಿನ ಎಂಜಿನಿಯರ್ ಸಾಕ್ಷಿಯಾಗಿ ನಿಂತಿರುವಾಗ ಮತ್ತೆ ಗುಂಡಿ ತೋಡಿ ನೋಡತಕ್ಕದ್ದು. ಅದನ್ನು ಮೈಕಿನಲ್ಲಿ ಓದಿ ಹೇಳಿದ. ಆ ಷರತ್ತಿನೊಂದಿಗೆ ಬೋರ್ಡು ಒಪ್ಪಿಗೆ ಕೊಟ್ಟಿತು.

ಹೊರಗೆ ಮೆಟ್ಟಿಲ ಬಳಿ ಅಸುಂತಾ ಅವನನ್ನು ತಡೆದಳು. "ನಾವು ಅಕ್ಕಪಕ್ಕದವ್ರೆಲ್ಲ ಸೇರಿ ಕೋರ್ಟಿಗೆ ಹೋಗೋಣ ಅಂತಿದ್ವಿ. ನಲವತ್ತೈದು ದಿನ ಇದೆಯಂತೆ. ಹೋಗ್ಲಾ, ಬೇಡ್ವಾ? ನೇರ ಹೇಳಿ."

"ಅದು ನಾನು ಹೇಳೋ ಮಾತಲ್ಲ."

"ಸರಿ, ಇದನ್ನ ಹೇಳಿ. ನೀವೇ ಬಂದು ನಿಲ್ತೀರಾ ಗುಂಡಿ ಹತ್ರ?"

"ನಾನೇ ನಿಲ್ತೀನಿ."

ಅವಳು ಅವನ ಮುಖ ನೋಡಿದಳು. ಆಮೇಲೆ ಗಂಡನ ಕಡೆ ತಿರುಗಿ, "ನಡಿ ಮನೆಗೆ. ಕೋರ್ಟು ಬೇಡ," ಎಂದಳು.

ಮರುದಿನ ಅವಳು ಅವನನ್ನು ಕರೆದು ನೆಲಮಾಳಿಗೆ ತೋರಿಸಿದಳು. ಮೇಲೆ ಅತಿಥಿಗಳಿಗೆಂದು ಒರೆಸಿಟ್ಟ, ಯಾರೂ ಅಡುಗೆ ಮಾಡದ ಪುಟ್ಟ ಅಡುಗೆಮನೆ. ನಿಜವಾದ ಮನೆ ಇದ್ದದ್ದು ಕೆಳಗೆ. ಎರಡು ಒಲೆ, ಅಪ್ಪನ ಕಾಲದ ಕಲ್ಲಿನ ತೊಟ್ಟಿ, ಗೋಡೆಯುದ್ದಕ್ಕೂ ಟೊಮೆಟೊ ತುಂಬಿದ ಗಾಜಿನ ಭರಣಿಗಳು. ನಡುವೆ ಮೂರು ಮೇಜು ಸೇರಿಸಿ ಮೊಳೆ ಹೊಡೆದು ಮಾಡಿದ ಒಂದೇ ಉದ್ದ ಮೇಜು. ಭಾನುವಾರ ಮಧ್ಯಾಹ್ನ ಅಲ್ಲಿ ಇಪ್ಪತ್ತು ಜನ ಕೂರುತ್ತಿದ್ದರು: ಮೂವರು ಹೆಣ್ಣುಮಕ್ಕಳು, ಅಳಿಯಂದಿರು, ಮೊಮ್ಮಕ್ಕಳು, ನುಂಜಿಯೋನ ತಮ್ಮ, ಯಾರೂ ಕರೆಯದಿದ್ದರೂ ಬರುವ ಒಬ್ಬ ಹಳೆಯ ಪಾದ್ರಿ.

"ಈ ಮೇಜು ಮೇಲಕ್ಕೆ ಹೋಗಲ್ಲ," ಎಂದ ನುಂಜಿಯೋ. "ಇಲ್ಲೇ ಕೂತು ಮಾಡಿದ್ದು, ಮೆಟ್ಟಿಲಲ್ಲಿ ಹಿಡಿಯಲ್ಲ. ನಾನೂ ಹಾಗೇ ಆಗೋಗಿದೀನಿ."

ಅವಳು ಒಂದು ಭರಣಿಯನ್ನು ಕಾಗದದಲ್ಲಿ ಸುತ್ತಿ ಅವನ ಕೈಗಿಟ್ಟಳು. ರಸೆಲ್ ಯಾರಿಂದಲೂ ಏನನ್ನೂ ತೆಗೆದುಕೊಳ್ಳುವವನಲ್ಲ. ಕೆಲಸದ ನಿಯಮ ಅದು. ಆದರೆ ಅವಳ ಕೈ ಹಿಂದಕ್ಕೆ ಹೋಗಲೇ ಇಲ್ಲ. ಮನೆಯಲ್ಲಿ ಲೋಯಿಸ್ ಆ ರಾತ್ರಿ ಎರಡು ಸಲ ಬಡಿಸಿಕೊಂಡು ಉಂಡಳು. ಅವಳಿಗೆ ಹಸಿವೇ ಇಲ್ಲವೆಂದು ಅವನು ಚಿಂತೆಗೆ ಬಿದ್ದಿದ್ದ ದಿನಗಳು ಅವು.

*

ಮಾರ್ಚ್ ಹೊತ್ತಿಗೆ ಲೋಯಿಸ್‌ಗೆ ಹಸಿವಿಲ್ಲದ್ದು ಯಾಕೆಂದು ಗೊತ್ತಾಗಿತ್ತು. ಶಸ್ತ್ರಚಿಕಿತ್ಸೆ ಮಂಗಳವಾರ ಬೆಳಗ್ಗೆ. ಗುಂಡಿ ತೋಡುವುದೂ ಮಂಗಳವಾರ ಬೆಳಗ್ಗೆ. ಯಂತ್ರ ಬಾಡಿಗೆಗೆ ಸಿಕ್ಕಿದ್ದು ಅಂದೇ. ಗ್ಲೆನ್ ಫೋನು ಮಾಡಿದಾಗ ರಸೆಲ್ ಆಸ್ಪತ್ರೆಯ ಉದ್ದನೆಯ ಕಾರಿಡಾರಿನಲ್ಲಿ, ಹೆಂಡತಿಯ ಚಪ್ಪಲಿ ಮತ್ತು ಕನ್ನಡಕ ಇದ್ದ ಪ್ಲಾಸ್ಟಿಕ್ ಚೀಲ ಹಿಡಿದು ಕೂತಿದ್ದ.

"ನೀನು ಅಲ್ಲೇ ಇರು ಮಾರಾಯ," ಎಂದ ಗ್ಲೆನ್. "ನಾನು ಇದೀನಲ್ಲ. ತೋಡಿದ್ವಿ, ಒಂಬತ್ತು ಅಡಿ, ಒಣ. ಹಾಳೆ ಕಳಿಸ್ತೀನಿ. ಲೋಯಿಸ್‌ಗೆ ನನ್ನ ನಮಸ್ಕಾರ ಹೇಳು."

ಸಂಜೆ ಹಾಳೆ ಬಂತು. ಲೋಯಿಸ್ ಇನ್ನೂ ಕಣ್ಣು ತೆರೆದಿರಲಿಲ್ಲ. ಅವನು ಮೊಣಕಾಲ ಮೇಲೆ ಹಾಳೆ ಇಟ್ಟುಕೊಂಡು ಒಂಬತ್ತು ಅಡಿ, ಒಣ ಎಂಬುದನ್ನು ನೋಡಿದ. ಕೆಳಗೆ ಸಾಕ್ಷಿಯ ಜಾಗ ಖಾಲಿ ಇತ್ತು. ಹೊಸದೊಂದು ದಿನ ಗೊತ್ತುಮಾಡಿ ಮತ್ತೆ ತೋಡಿಸಬಹುದಿತ್ತು. ಹಾಗೆ ಮಾಡಿದರೆ ಗ್ಲೆನ್‌ನ ಮಾತನ್ನು ನಂಬದಂತೆ. ಒಬ್ಬ ಎಂಜಿನಿಯರ್ ಇನ್ನೊಬ್ಬನ ಹಾಳೆಯನ್ನು ನಂಬುತ್ತಾನೆ. ಇಲ್ಲದಿದ್ದರೆ ಯಾವ ಊರಿನಲ್ಲೂ ಯಾವ ಮನೆಯೂ ಏಳುವುದಿಲ್ಲ. ರಸೆಲ್ ಸಾಕ್ಷಿಯ ಜಾಗದಲ್ಲಿ ತನ್ನ ಹೆಸರಿನ ಎರಡು ಮೊದಲಕ್ಷರ ಹಾಕಿದ. ಮರ್ಲಾಳ ಪಟ್ಟಿಯಲ್ಲಿ ಹದಿನೇಳರ ಎದುರು ಗುರುತು ಬಿತ್ತು.

ಲೋಯಿಸ್ ಆಮೇಲೆ ಎರಡು ವರ್ಷ ಬದುಕಿದಳು, ಬಹುಪಾಲು ಕಿಟಕಿಯ ಪಕ್ಕದ ಕುರ್ಚಿಯಲ್ಲಿ. ಮೇಲೆ ನರ್ಸರಿಯ ಜಾಗದಲ್ಲಿ ಇಪ್ಪತ್ತೆರಡು ಮನೆಗಳೆದ್ದವು. ಅವಳು ಸತ್ತ ಮೇಲೆ ರಸೆಲ್ ಇನ್ನೂ ಹೆಚ್ಚು ಹೊತ್ತು ಕೆಲಸ ಮಾಡತೊಡಗಿದ. ಪಾತ್ರೆ ಈಗಲೂ ಅವನೇ ತೊಳೆಯುತ್ತಿದ್ದ, ಒಂದು ತಟ್ಟೆ, ಒಂದು ಲೋಟ.

*

ಮರುವರ್ಷದ ಏಪ್ರಿಲಿನಲ್ಲಿ, ಮಾಂಸ ಬಿಟ್ಟು ಮೀನು ಉಣ್ಣುವ ಈಸ್ಟರ್ ಹಿಂದಿನ ಶುಕ್ರವಾರ, ಮೂರು ದಿನ ಬಿಡದೆ ಹೊಡೆದ ಮಳೆಯ ಮೇಲೆ ನುಂಜಿಯೋನ ಫೋನು ಬಂತು.

"ರಸ್, ಈ ವರ್ಷ ಶುಕ್ರವಾರದ ಮೀನು ಕೊಂಡು ತರೋದು ಬೇಡ. ಮನೇಲೇ ಹಿಡೀಬಹುದು. ಬಂದು ನೋಡು."

ನೆಲಮಾಳಿಗೆಯ ಮೆಟ್ಟಿಲು ಕೆಳಗಿಂದ ನಾಲ್ಕನೆಯದಕ್ಕೆ ನಿಂತುಹೋಗಿತ್ತು. ಅದರ ಕೆಳಗೆ ಕಂದು ನೀರು, ಅಲುಗದೆ, ಬಹಳ ಕಾಲದಿಂದ ಅಲ್ಲೇ ಇದ್ದಂತೆ. ಉದ್ದ ಮೇಜಿನ ಹಲಗೆ ಮಾತ್ರ ಮೇಲೆ ಕಾಣುತ್ತಿತ್ತು. ಹಬ್ಬಕ್ಕೆಂದು ಬೇಯಿಸಿಟ್ಟ ಸಿಹಿ ಬ್ರೆಡ್ಡಿನ ಬುಟ್ಟಿ ಒಲೆಯ ಬಳಿ ತೇಲುತ್ತಿತ್ತು. ಅಸುಂತಾ ಐದನೆಯ ಮೆಟ್ಟಿಲ ಮೇಲೆ ಕೂತಿದ್ದಳು.

"ಗುಂಡಿ ಹತ್ರ ನಿಂತಿದ್ರಲ್ಲ ನೀವು," ಎಂದಳು, ತಿರುಗಿ ನೋಡದೆ. "ಒಣ ಇತ್ತಾ?"

ರಸೆಲ್ ಅಲ್ಲಿಂದ ನೇರ ಪುರಭವನಕ್ಕೆ ಹೋದ.

ಅಂದು ರಜೆ; ಮರ್ಲಾ ಬಂದು ಬೀಗ ತೆರೆದು ಫೈಲು ತೆಗೆದುಕೊಟ್ಟಳು. ಹಾಳೆಯ ಎಡತುದಿಯಲ್ಲಿ, ಗ್ಲೆನ್‌ನ ಸಣ್ಣ ಅಕ್ಷರದಲ್ಲಿ, ಎಂದಿನಿಂದಲೂ ಬರೆದೇ ಇತ್ತು: ಕೆಳಮೂಲೆಯಲ್ಲಿ ಯಂತ್ರದ ಚಕ್ರ ಕೆಸರಿನಲ್ಲಿ ಹೂತುಹೋದ ಕಾರಣ ಗುಂಡಿಯನ್ನು ಅರವತ್ತು ಅಡಿ ಮೇಲಕ್ಕೆ ಸರಿಸಲಾಗಿದೆ.

ಅವನು ಅದನ್ನು ಮೂರು ಸಲ ಓದಿದ. ನೆಲ ಎಷ್ಟು ಒದ್ದೆಯಾಗಿತ್ತೆಂದರೆ ಒದ್ದೆ ಇದೆಯೇ ಎಂದು ನೋಡಲು ಬಂದ ಯಂತ್ರವೇ ಹೂತುಹೋಗಿತ್ತು. ಅದಕ್ಕೆ ಅವರು ಒಣ ಜಾಗಕ್ಕೆ ಹೋಗಿ ತೋಡಿದ್ದರು. ಮರೆಮಾಚಿದ್ದೇನೂ ಇಲ್ಲ. ಬರೆದೂ ಇಟ್ಟಿದ್ದರು. ಗುಂಡಿಯ ಬಳಿ ನಿಂತಿದ್ದರೆ ಅಷ್ಟೇ ಸಾಕಿತ್ತು. ಕೆಸರಿನಲ್ಲಿ ಆ ಚಕ್ರದ ಗುರುತು ಯಾವ ಕುರುಡನಿಗಾದರೂ ಕಾಣುತ್ತಿತ್ತು. ಅವನು ನಿಂತಿರಲಿಲ್ಲ. ನಿಂತಿದ್ದೆನೆಂದು ಎರಡಕ್ಷರ ಹಾಕಿದ್ದ.

"ಯಾರೂ ಕೇಳಲ್ಲ ರಸ್," ಎಂದಳು ಮರ್ಲಾ ಮೆಲ್ಲಗೆ. "ಮುಚ್ಚಿದ ಫೈಲು ಅದು. ಲೋಯಿಸ್ ಹಾಗಿದ್ದ ದಿನ ಅದು ಅಂತ ಗ್ಲೆನ್ ಬಿಟ್ರೆ ನನಗೊಬ್ಬಳಿಗೇ ಗೊತ್ತಿರೋದು."

"ಆ ವಿನಾಯಿತಿ ಪತ್ರದಲ್ಲಿಲ್ಲವಲ್ಲ," ಎಂದ ಅವನು.

*

ಮೇ ತಿಂಗಳ ಸಭೆಯಲ್ಲಿ, ಬೇರೆಲ್ಲ ಅರ್ಜಿ ಮುಗಿದು ಸಾರ್ವಜನಿಕರು ಮಾತಾಡುವ ಹೊತ್ತು ಬಂದಾಗ, ರಸೆಲ್ ತನ್ನ ಕುರ್ಚಿಯಿಂದೆದ್ದು ಮೇಜು ಸುತ್ತಿಕೊಂಡು ಬಂದು ಈಚೆಯ ಮೈಕಿನ ಮುಂದೆ ನಿಂತ. ಮೂವತ್ತೊಂದು ವರ್ಷದಲ್ಲಿ ಅವನು ಆ ಕಡೆಯಿಂದ ಬೋರ್ಡನ್ನು ನೋಡಿರಲಿಲ್ಲ. ಅಲ್ಲಿಂದ ಅವರು ಬಹಳ ಎತ್ತರದಲ್ಲಿದ್ದಂತೆ ಕಂಡರು.

"ರಸ್, ಏನಯ್ಯಾ ಇದು?" ಎಂದ ಅಧ್ಯಕ್ಷ. ಅವನೇ ಆ ಹಲ್ಲಿನ ವೈದ್ಯ.

"ಹೆಸರು ರಸೆಲ್ ಡೆಮರೆಸ್ಟ್. ವಿಳಾಸ ಹನ್ನೆರಡು, ಲಿಂಡನ್ ಬೀದಿ," ಎಂದ ಅವನು, ಎಲ್ಲರೂ ಹೇಳುವ ಹಾಗೆ. ಬಲಗೈ ಎತ್ತಿ ಪ್ರಮಾಣ ಮಾಡಿದ. ನಂತರ ಹೇಳಿದ. ಹದಿನೇಳನೆಯ ಅಂಶ ಈಡೇರಿರಲಿಲ್ಲ. ಗುಂಡಿ ತೋಡಿದ್ದು ಬೇರೆ ಜಾಗದಲ್ಲಿ. ಸಾಕ್ಷಿಯೆಂದು ಸಹಿ ಹಾಕಿದ ತಾನು ಅಲ್ಲಿರಲಿಲ್ಲ. ಆಸ್ಪತ್ರೆಯ ಮಾತನ್ನು ಅವನು ಎತ್ತಲಿಲ್ಲ.

ಬೋರ್ಡಿನ ವಕೀಲ ಪೆನ್ನು ಕೆಳಗಿಟ್ಟು ಹಣೆ ಉಜ್ಜಿಕೊಂಡ. "ಇದನ್ನ ಇಲ್ಲಿ ಹೇಳಬಾರದಿತ್ತು, ರಸ್. ಒಪ್ಪಿಗೆ ಕೊಟ್ಟು ಮೂರು ವರ್ಷದ ಮೇಲಾಯ್ತು. ಮೇಲ್ಮನವಿ ಅವಧಿ ಮುಗಿದಿದೆ, ಮನೆಗಳಲ್ಲಿ ಜನ ಇದಾರೆ. ಈ ಬೋರ್ಡಿಗೆ ಅದನ್ನ ಮತ್ತೆ ತೆರೆಯೋಕೆ ಬರಲ್ಲ."

"ಗೊತ್ತು."

"ಹಾಗಾದ್ರೆ ಯಾಕೆ?"

ರಸೆಲ್ ಹಿಂದಕ್ಕೆ ತಿರುಗಿ ನೋಡಿದ. ಮೂರನೆಯ ಸಾಲಿನಲ್ಲಿ ಅಸುಂತಾ ಅದೇ ಕೋಟಿನಲ್ಲಿ ಕೂತಿದ್ದಳು. "ಅವರು ಕೋರ್ಟಿಗೆ ಹೋಗಬೇಕಂತಿದ್ರು. ನಾನು ನಿಲ್ತೀನಿ ಅಂದೆ. ಹೋಗಲಿಲ್ಲ."

ಒಬ್ಬೊಬ್ಬರಿಗೆ ಕೊಡುವ ಮೂರು ನಿಮಿಷ ಮುಗಿದದ್ದಕ್ಕೆ ಮರ್ಲಾ ಒತ್ತಬೇಕಾದ ಗಂಟೆಯನ್ನು ಒತ್ತಲಿಲ್ಲ. ಅಸುಂತಾ ಎದ್ದು, ಅವನ ಪಕ್ಕದಲ್ಲೇ ಹಾದು, ಅವನನ್ನು ನೋಡದೆ ಹೊರಗೆ ಹೋದಳು. ಮರುದಿನ ಅವನು ರಾಜೀನಾಮೆ ಬರೆದುಕೊಟ್ಟ. ಅಂಕಿ ಹಾಕಲಿಲ್ಲ. ಒಂದೇ ವಾಕ್ಯವಿತ್ತು.

ನೀರು ಆ ಬೇಸಿಗೆಯಲ್ಲಿ ಎರಡು ಸಲ ಬಂತು. ಪಂಪು ಇಟ್ಟರು, ಗೋಡೆಗೆ ಬಣ್ಣ ಬಳಿಸಿದರು. ಕೊನೆಗೆ ಉಳಿದದ್ದು ಒಂದೇ ದಾರಿ, ನೆಲಮಾಳಿಗೆಯನ್ನೇ ಜಲ್ಲಿ ಹಾಕಿ ಮುಚ್ಚಿಬಿಡುವುದು. ಆಗಸ್ಟಿನಲ್ಲಿ ಒಲೆಗಳನ್ನು ಮೇಲೆತ್ತಿದರು. ಮೇಜನ್ನು ಗರಗಸದಿಂದ ತುಂಡು ಮಾಡಿ ಹೊರಗೆ ತಂದರು. ಲಾರಿಯಿಂದ ಜಲ್ಲಿ ಕಿಟಕಿಯೊಳಗೆ ಸುರಿಯುವ ಸದ್ದು ಎರಡು ದಿನ ಬೀದಿಯ ತುದಿಯವರೆಗೂ ಕೇಳಿತು. ಮೇಲಿನ ಅಡುಗೆಮನೆಯಲ್ಲಿ ಕೂರಬಹುದಾದ್ದು ನಾಲ್ಕು ಜನ. ಹೆಣ್ಣುಮಕ್ಕಳು ತಮ್ಮ ತಮ್ಮ ಮನೆಗಳಲ್ಲೇ ಭಾನುವಾರ ಮಾಡತೊಡಗಿದರು. ಪಾದ್ರಿ ಎಲ್ಲಿಗೆ ಹೋಗುವುದೆಂದು ತಿಳಿಯದೆ ಎಲ್ಲಿಗೂ ಹೋಗಲಿಲ್ಲ.

*

ನವೆಂಬರಿನಲ್ಲಿ ನುಂಜಿಯೋ ಫೋನು ಮಾಡಿದ.

"ಅಂಜೂರದ ಹಳ್ಳ ತೋಡಬೇಕು. ನನ್ನ ಸೊಂಟ ಹೋಗಿದೆ, ಅಳಿಯಂದ್ರಿಗೆ ಸಲಿಕೆ ಯಾವ ತುದೀಲಿ ಹಿಡೀಬೇಕು ಗೊತ್ತಿಲ್ಲ. ಬರ್ತೀಯಾ?"

"ಅಸುಂತಾ ಅವರಿಗೆ ಗೊತ್ತಾ?"

"ಇಲ್ಲ. ಗೊತ್ತಾದ್ರೆ ಇಬ್ಬರಿಗೂ ಒಂದೇ ಹಳ್ಳ ಸಾಕು ಅಂತಾಳೆ. ಆಳವಾಗೇ ತೋಡು."

ಗಿಡ ಅರ್ಧ ಸತ್ತಿತ್ತು. ಹಿಂದಿನ ಚಳಿಗಾಲ ಅದು ನೀರಿನಲ್ಲೇ ಮಲಗಿ ಕಳೆದಿತ್ತು. ಎತ್ತಿದಾಗ ಒಂದು ಬದಿಯ ಕೊಂಬೆಗಳೆಲ್ಲ ಕಪ್ಪಾಗಿ ಮೆತ್ತಗಾಗಿದ್ದವು. ಇನ್ನೊಂದು ಬದಿ ಮಾತ್ರ ಬೇಸಿಗೆಯಲ್ಲಿ ಎಲೆ ಬಿಟ್ಟಿತ್ತು. ರಸೆಲ್ ಬೇಲಿಯ ಪಕ್ಕ ತೋಡತೊಡಗಿದ. ನುಂಜಿಯೋ ತಲೆಕೆಳಗಾದ ಬಕೆಟ್ಟಿನ ಮೇಲೆ ಕೂತು, ಹಗ್ಗದ ಗಂಟು ಬಿಡಿಸುತ್ತ, ಬಸ್ಸಿನ ಹಳೆಯ ಕತೆ ಹೇಳುತ್ತಿದ್ದ. ಒಂದೂವರೆ ಅಡಿಗೆ ಮಣ್ಣಿನ ಬಣ್ಣ ಬದಲಾಯಿತು. ಎರಡಡಿ ದಾಟುತ್ತಲೇ ಸಲಿಕೆಯ ಗುರುತಿನಲ್ಲಿ ನೀರು ಒಸರಿತು. ಮೊದಲು ಹೊಳೆಯುವ ಒಂದು ಗೆರೆ, ಆಮೇಲೆ ಅಂಗೈಯಗಲ. ನೋಡುತ್ತಿದ್ದಂತೆ ತಳವೆಲ್ಲ ತುಂಬಿತು. ನುಂಜಿಯೋ ಹಗ್ಗ ಬಿಟ್ಟು ಬಗ್ಗಿ ನೋಡಿದ.

ರಸೆಲ್ ಕೋಟಿನ ಜೇಬಿನಿಂದ ಮಡಿಸುವ ಅಳತೆಕೋಲು ತೆಗೆದು ಬಿಚ್ಚಿ ಹಳ್ಳದೊಳಗೆ ಇಳಿಬಿಟ್ಟ. ಯೋಚಿಸಿ ಮಾಡಿದ್ದಲ್ಲ, ಕೈ ಮಾಡಿತು. ಇನ್ನೊಂದು ಜೇಬಿನಲ್ಲಿ ಮಡಚಿದ್ದ ಹಳೆಯ ಹಾಳೆಯಿತ್ತು, ಗುಂಡಿಯ ವಿವರ ತುಂಬುವ ಅಚ್ಚಾದ ಹಾಳೆ. ಸಲಿಕೆಯ ಹಿಡಿಗೆ ಒರಗಿ ಪೆನ್ಸಿಲಿನಿಂದ ಬರೆದ. ದಿನಾಂಕ. ಹವೆ: ಮೋಡ, ಮಳೆಯಿಲ್ಲ. ನೀರು ಕಂಡ ಆಳ: ಎರಡು ಅಡಿ ಒಂದು ಅಂಗುಲ.

"ಏನು ಬರೀತಿದೀರಿ?"

ಅಸುಂತಾ ಹಿಂಬಾಗಿಲ ಮೆಟ್ಟಿಲಲ್ಲಿ ನಿಂತಿದ್ದಳು. ಏಪ್ರಿಲಿನ ಆ ದಿನದ ಮೇಲೆ ಅವಳು ಅವನೊಡನೆ ಆಡಿದ ಮೊದಲ ಮಾತು ಅದು.

"ಗುಂಡಿ," ಎಂದ ಅವನು. "ಆವತ್ತು ನೋಡಬೇಕಾಗಿದ್ದು."

"ಯಾರಿಗೆ ಕಳಿಸ್ತೀರಿ ಅದನ್ನ?"

"ಯಾರಿಗೂ ಇಲ್ಲ. ಕಳಿಸೋಕೆ ಫೈಲಿಲ್ಲ."

ಅವಳು ಇಳಿದು ಬಂದು ಹಳ್ಳದೊಳಗೆ ಬಗ್ಗಿ ನೋಡಿದಳು. ನೀರಿನಲ್ಲಿ ಮೂವರ ತಲೆ, ಹಿಂದೆ ಮೋಡ, ಮೇಲಿನ ಹೊಸ ಮನೆಗಳ ಚಾವಣಿಯ ಒಂದು ಅಂಚು. ಬಹಳ ಹೊತ್ತು ನೋಡಿದಳು. ನಂತರ ಅವನ ಕೈಯಿಂದ ಹಾಳೆ ತೆಗೆದುಕೊಂಡು ದೂರ ಹಿಡಿದು ಓದಿದಳು. ಕೆಳಗೆ ಸಾಕ್ಷಿ ಎಂದಿದ್ದ ಕಡೆ ಬೆರಳಿಟ್ಟಳು.

"ಇಲ್ಲಿ ಎಂಜಿನಿಯರೇ ಆಗಿರಬೇಕಾ?"

"ನೋಡಿದವರಾಗಿರಬೇಕು."

ಅವಳು ಪೆನ್ಸಿಲು ಕೇಳಿ, ನುಂಜಿಯೋನ ಬೆನ್ನ ಮೇಲೆ ಹಾಳೆ ಇಟ್ಟು, ಪೂರ್ತಿ ಹೆಸರು ಬರೆದಳು. ಹಾಳೆಯನ್ನು ಅವನಿಗೆ ಹಿಂದಿರುಗಿಸಿದಳು. ಕ್ಷಮಿಸಿದೆ ಎನ್ನಲಿಲ್ಲ. ಅವನು ಕೇಳಲೂ ಇಲ್ಲ.

"ಇದರೊಳಗೆ ಗಿಡ ಮಲಗಿಸೋಕಾಗಲ್ಲ," ಎಂದಳು. "ಉಳಿದರ್ಧಾನೂ ಹೋಗುತ್ತೆ. ನಿಂತ ಹಾಗೇ ಸುತ್ತಿ. ಗೋಣಿತಾಟು ಗ್ಯಾರೇಜಲ್ಲಿದೆ, ನುಂಜಿಯೋ, ಏಳು." ಆಮೇಲೆ, ಯಾರಿಗೆಂದಲ್ಲದೆ ಹೇಳಿದಳು: "ನಿಂತ ಗಿಡಕ್ಕೆ ಬಟ್ಟೆ ಸುತ್ತೋರನ್ನ ನೋಡಿದ್ರೆ ನಮ್ಮಪ್ಪ ನಗ್ತಿದ್ದ. ಗಿಡಕ್ಕೂ ಮಲಗೋಕೆ ಮನೆ ಬೇಕು ಅಂತಿದ್ದ."

ಅವರು ಕೊಂಬೆಗಳನ್ನು ಒತ್ತಟ್ಟಿಗೆ ಎಳೆದು ಹಿಡಿದರು. ರಸೆಲ್ ಹಗ್ಗ ಸುತ್ತಿದ. ಅವಳು ತಾಟು ಹೊದಿಸಿದಳು. ಗಿಡದ ತಲೆಯ ಮೇಲೆ ನುಂಜಿಯೋ ಕೂತಿದ್ದ ಬಕೆಟ್ಟನ್ನೇ ಕವುಚಿದರು. ಇಷ್ಟಾದ ಮೇಲೆ ಅವರಿಬ್ಬರೂ ಒಳಗೆ ಹೋದರು. ಮೇಲಿನ ಪುಟ್ಟ ಅಡುಗೆಮನೆಯ ದೀಪ ಹತ್ತಿತು.

ರಸೆಲ್ ಹಿತ್ತಲಿನಲ್ಲಿ ಉಳಿದ. ತೋಡಿದ ಹಳ್ಳ ಮುಚ್ಚಬೇಕಿತ್ತು. ಸಲಿಕೆಯಲ್ಲಿ ಮಣ್ಣೆತ್ತಿ ಒಳಗೆ ಹಾಕಿದ. ಮಣ್ಣು ನೀರಿಗೆ ಬಿದ್ದ ಸದ್ದು ಬಂತು, ಮತ್ತೆ ಬಂತು, ಅದು ಬರಿಯ ಮಣ್ಣಿನ ಸದ್ದಾಗಲು ಬಹಳ ಹೊತ್ತು ಹಿಡಿಯಿತು.